ಕೊಂಡಿ ಮತ್ತು ಸೆರಗು: ಚೆಂದದ ವಾಕ್ಯ ಕಟ್ಟಲು ಕಲಿಯುವ ಬಗೆ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರುತ್ತೇವೆ. ಕಾಲೇಜು ಹುಡುಗಿಯರು, ಒಬ್ಬ ಬ್ಯಾಂಕ್ ನೌಕರ, ಔಷಧದ ಅಂಗಡಿಯವರೊಬ್ಬರು, ಇಬ್ಬರು ಶಿಕ್ಷಕರು. ಕಾದಂಬರಿ ಬರೆಯುವ ಆಸೆ ಎಲ್ಲರಿಗೂ ಇಲ್ಲ. ತಾವು ಬರೆದ ಒಂದು ವಾಕ್ಯವನ್ನು ಓದಿದವರು ಕ್ಷಣ ನಿಂತು ಇನ್ನೊಮ್ಮೆ ಓದಬೇಕು, ಅಷ್ಟು ಬಂದರೆ ಸಾಕು ಎನ್ನುವವರು.

ಕಳೆದ ವರ್ಷ ಒಬ್ಬ ಹುಡುಗಿ ಮೊದಲ ದಿನ ಈ ವಾಕ್ಯ ಬರೆದು ತಂದಳು: "ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದ ನಮ್ಮ ಹಳೆಯ ಮನೆಯು ಮುಳುಗಿಸಲ್ಪಟ್ಟಿದ್ದು, ಇದು ನಮ್ಮ ಕುಟುಂಬಕ್ಕೆ ಅತ್ಯಂತ ನೋವಿನ ಸಂಗತಿಯಾಗಿದೆ." ಕಾಗುಣಿತ ಸರಿ, ವ್ಯಾಕರಣ ಸರಿ. ಆದರೆ ಮನೆ ಕಾಣುವುದಿಲ್ಲ, ನೀರು ಕಾಣುವುದಿಲ್ಲ, ನೋವಂತೂ ಎಲ್ಲಿಯೂ ತಾಗುವುದಿಲ್ಲ. "ಆ ಮನೆಯ ವಿಚಾರ ನಿಮ್ಮ ಅಜ್ಜಿ ಏನು ಹೇಳುತ್ತಾರೆ?" ಎಂದು ಕೇಳಿದೆ. "ಹೇಳುವುದಿಲ್ಲ ಸರ್. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಗೆ ಹೋಗುತ್ತಾಳೆ, ಏನೋ ಹುಡುಕುತ್ತಾಳೆ" ಎಂದಳು. ಬರೆದು ತಂದ ವಾಕ್ಯಕ್ಕೆ ಅವಳು ಒಂದು ರಾತ್ರಿ ಕೂತಿದ್ದಳು. ಬಾಯಿಂದ ಬಂದ ವಾಕ್ಯಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಎರಡರಲ್ಲಿ ಯಾವುದು ಚೆಂದ ಎಂದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೂಡಲೇ ಗೊತ್ತಾಯಿತು, ಯಾಕೆ ಎಂದು ಹೇಳಲು ಮಾತ್ರ ಯಾರಿಗೂ ಆಗಲಿಲ್ಲ. ಆ 'ಯಾಕೆ' ಕಲಿಯಲು ಬರುವಂಥದ್ದು. ನಾವು ಕಲಿತ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಅದಕ್ಕೆ ಮೊದಲು, ನಾನು ವಾಕ್ಯವನ್ನು ಹೇಗೆ ನೋಡುತ್ತೇನೆ ಎಂಬುದು ನಿಮಗೆ ತಿಳಿದಿರಲಿ. ನಾನು ಇಳಕಲ್ಲಿನ ನೇಕಾರರ ಮನೆಯವನು. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದ್ದಾದರೂ ಸೆರಗು ರೇಷ್ಮೆಯದ್ದಿರಬಹುದು. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ಕೆಲಸಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದೊಂದು ಸೀರೆಗೂ ಆ ಕೆಲಸ ಹೊಸದಾಗಿ ಆಗಬೇಕು. ಸೀರೆ ಕೊಳ್ಳುವವರು ಬಣ್ಣ ನೋಡುತ್ತಾರೆ, ದಡಿ ನೋಡುತ್ತಾರೆ. ನೇಯುವವರು ಮೈ ಮುಗಿದು ಸೆರಗು ಶುರುವಾಗುವ ಜಾಗದ ಮೇಲೆ ಬೆರಳಾಡಿಸುತ್ತಾರೆ. ಕನ್ನಡ ವಾಕ್ಯದ ಚೆಲುವೂ ಬಹುಪಾಲು ಆ ಎರಡು ಕಡೆಯಲ್ಲೇ ಇದೆ: ಮಾತಿಗೆ ಮಾತು ಕೂಡುವ ಕೊಂಡಿಯಲ್ಲಿ, ಕೊನೆಗೆ ಬೀಳುವ ಸೆರಗಿನಲ್ಲಿ. ಆಡಂಬರದ ಪದಗಳು ಜರಿ ಇದ್ದ ಹಾಗೆ, ಕೊಂಡಿ ಬಿಟ್ಟುಹೋದ ಸೀರೆಯನ್ನು ಜರಿ ಉಳಿಸಲಾರದು.

ಮೊದಲು ಕಿವಿ

ಮೊದಲ ಎರಡು ವಾರ ನಿಮ್ಮದೇನನ್ನೂ ಬರೆಯಬೇಡಿ. ಕಿಸೆಯಲ್ಲಿ ಹಿಡಿಯುವ ಸಣ್ಣ ಪುಸ್ತಕ ಇಟ್ಟುಕೊಂಡು, ದಿನಕ್ಕೆ ಮೂರು ವಾಕ್ಯ, ಕೇಳಿಸಿಕೊಂಡದ್ದನ್ನು ಮಾತ್ರ ಬರೆದುಕೊಳ್ಳಿ. ಬಸ್ ನಿಲ್ದಾಣ, ಸಂತೆ, ದವಾಖಾನೆಯ ಪಾಳಿ, ಮದುವೆಮನೆಯ ಅಡುಗೆಯ ಒಲೆ, ಎಲ್ಲಿಯಾದರೂ ಸರಿ. ವಿಷಯ ದೊಡ್ಡದಿರಬೇಕಿಲ್ಲ. ಕೇಳಿದಾಗ ಕಿವಿ ನಿಮಿರಿತೋ ಇಲ್ಲವೋ ಅಷ್ಟೇ ನೋಡಿ. ಮೊಬೈಲಿನಲ್ಲಿ ಬರೆದುಕೊಳ್ಳುವುದಕ್ಕಿಂತ ಕೈಬರಹ ಮೇಲು, ಏಕೆಂದರೆ ಕೈ ನಿಧಾನ, ಆ ನಿಧಾನದಲ್ಲಿ ಪ್ರತಿಯೊಂದು ಪದವೂ ಎರಡನೆಯ ಬಾರಿ ಕೇಳಿಸುತ್ತದೆ.

ಸಂತೆಯಲ್ಲಿ ಬದನೆಕಾಯಿ ಮಾರುತ್ತಿದ್ದ ಮುದುಕಿ ಚೌಕಾಸಿ ಮಾಡುವವನೊಬ್ಬನಿಗೆ ಹೇಳಿದ ಮಾತು ನನ್ನ ಪುಸ್ತಕದಲ್ಲಿದೆ: "ತೂಕ ನನ್ನದು ಸರಿ ಇದೆ ತಮ್ಮಾ, ಮನಸ್ಸು ನಿನ್ನದು ಕಡಿಮೆ ಬಿತ್ತು." ಇದನ್ನು ಬಿಚ್ಚಿ ನೋಡೋಣ. 'ನನ್ನ ತೂಕ', 'ನಿನ್ನ ಮನಸ್ಸು' ಎನ್ನುವ ಬದಲು ಆಕೆ ತೂಕವನ್ನೂ ಮನಸ್ಸನ್ನೂ ಮುಂದಕ್ಕೆ ತಂದಳು. ಹಾಗಾಗಿ ತಕ್ಕಡಿಯ ಎರಡು ತಟ್ಟೆಗಳಲ್ಲಿ ಅವೆರಡೂ ಎದುರುಬದುರು ಕೂತವು. ತೂಕಕ್ಕೆ ಹೇಳುವ 'ಕಡಿಮೆ ಬೀಳು' ಮನಸ್ಸಿಗೆ ಹೋಗಿ ಹತ್ತಿತು. ನಡುವೆ ಒಂದು 'ತಮ್ಮಾ', ಬೈಗುಳದ ಮೊನೆ ಮುರಿಯಲು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಇಷ್ಟೆಲ್ಲ ಗೊತ್ತಿತ್ತೇ ಎಂದು ನೀವು ಕೇಳಬಹುದು. ನಾಲಿಗೆಗೆ ಗೊತ್ತಿತ್ತು. ನಮ್ಮ ನಾಲಿಗೆಗೂ ಗೊತ್ತಿದೆ, ಪೆನ್ನು ಹಿಡಿದ ಕೂಡಲೇ ಅದನ್ನು ಬಾಯಿ ಮುಚ್ಚಿಸುತ್ತೇವೆ.

ಗಾದೆಗಳನ್ನೂ ಬರೆದುಕೊಳ್ಳಿ. ಅವು ಹೇಳುವ ನೀತಿಗಿಂತ ಅವುಗಳ ಕಟ್ಟಡ ನಮಗೆ ಬೇಕು. ವಿಜಯಪುರ ಜಿಲ್ಲೆಯ ಡೋಣಿ ನದಿಯ ಎರೆಭೂಮಿಯ ಬಗ್ಗೆ ಹೇಳುವ ಮಾತು ನಿಮಗೆ ಗೊತ್ತಿರುತ್ತದೆ: "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ." ಊರಿಂದ ಊರಿಗೆ ಒಂದೆರಡು ಪದ ಬದಲಾಗುತ್ತದೆ, ಕಟ್ಟಡ ಬದಲಾಗುವುದಿಲ್ಲ. ಇದಕ್ಕೆ 'ತುಂಬುತ್ತದೆ' ಎಂದು ಸೇರಿಸಿ ಓದಿ: "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ತುಂಬುತ್ತದೆ." ವಾಕ್ಯ ಪೂರ್ತಿಯಾಯಿತು, ಜೋಳ ಮಾತ್ರ ಚೀಲದೊಳಗೆ ಹೋಯಿತು. ಕ್ರಿಯಾಪದ ಇಲ್ಲದಿದ್ದಾಗ ಕಾಳು ಕಣ್ಣ ಮುಂದೆ ಹರಡಿ ಬಿದ್ದಿತ್ತು.

ನಕಲು ಮಾಡುವುದು

ಎರಡು ವಾರವಾದ ಮೇಲೆ ದಿನಕ್ಕೆ ಹತ್ತು ನಿಮಿಷ, ಒಳ್ಳೆಯ ಗದ್ಯವನ್ನು ಕೈಯಾರೆ ಪ್ರತಿ ಮಾಡಿ. ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದವರಿಗೆ ನಾನು ವಚನಗಳಿಂದ ಎನ್ನುತ್ತೇನೆ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹಲವು ಕಸುಬಿನವರು ತಮ್ಮ ಆಡುಮಾತನ್ನೇ ಬಿಗಿ ಮಾಡಿ ಕಟ್ಟಿದ್ದು ಅದು. ಮಾತ್ರೆಯ ಲೆಕ್ಕವಿಲ್ಲದೆ ಮಾತು ಹೇಗೆ ನಿಲ್ಲುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಕನ್ನಡದಲ್ಲಿ ನನಗೆ ಗೊತ್ತಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವೂ ನಮ್ಮ ನೆರೆಹೊರೆ. ನಕಲು ಮಾಡುವುದು ಕೀಳು ಕೆಲಸ ಎಂದು ಯಾರಿಗಾದರೂ ಅನ್ನಿಸಿದರೆ ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ವೃತ್ತಿಯಿಂದ ವಕೀಲರು. ಊರೂರು ಹುಡುಕಿ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ವಚನಗಳ ಸಂಕಲನವನ್ನು ಅಚ್ಚಿಗೆ ತಂದರು. 1926ರಲ್ಲಿ ಅದಕ್ಕಾಗಿಯೇ ಪತ್ರಿಕೆ ಆರಂಭಿಸಿದರು. ಇಂದು ನಮ್ಮ ಬಾಯಲ್ಲಿ ವಚನಗಳಿದ್ದರೆ ಅದರ ಹಿಂದೆ ಸಾಲು ಸಾಲಾಗಿ ಬರೆದುಕೊಂಡ ಕೈಗಳಿವೆ.

ಪ್ರತಿ ಮಾಡುವಾಗ ಒಂದು ನಿಯಮ: ಇಡೀ ವಾಕ್ಯ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ. ಆಮೇಲೆ ತೆರೆದು ಹೋಲಿಸಿ. ನೀವು ತಪ್ಪಿದ ಜಾಗದಲ್ಲೇ ಪಾಠವಿದೆ. ಬಹಳ ಸಲ ನೀವು ಒಂದು ಪದ ಹೆಚ್ಚು ಸೇರಿಸಿರುತ್ತೀರಿ.

ಕೈಗೆ ಅಂಟಿದ ಮೂರು ಚಟ

ಈಗ ನಿಮ್ಮ ಹಳೆಯ ಬರಹವನ್ನು ತೆಗೆಯಿರಿ, ಕೆಂಪು ಪೆನ್ನಿನಿಂದ ಮೂರು ಚಟಗಳನ್ನು ಹುಡುಕಿ.

ಒಂದು, 'ಆಗಿದೆ'. "ಇದು ನಮ್ಮ ಮನೆಯಾಗಿದೆ." "ನನ್ನ ಊರು ಮುಧೋಳವಾಗಿದೆ." ಕನ್ನಡಕ್ಕೆ ಇಲ್ಲಿ ಕ್ರಿಯಾಪದ ಬೇಕೇ ಇಲ್ಲ. "ಇದು ನಮ್ಮ ಮನೆ." "ನನ್ನ ಊರು ಮುಧೋಳ." ಇಂಗ್ಲಿಷಿನಿಂದ ಅನುವಾದವಾದ ಪಠ್ಯಗಳನ್ನು ಓದಿ ಓದಿ ನಮಗೆ ಈ ಬಾಲ ಬೆಳೆದಿದೆ. ಕ್ರಿಯಾಪದವಿಲ್ಲದ ಕಟ್ಟಡ ಎಷ್ಟು ಹಳೆಯದು ಎಂದು ತಿಳಿಯಬೇಕೆಂದರೆ ಬಾದಾಮಿಗೆ ಹೋಗಿ. ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. ಅದರಲ್ಲಿರುವ ತ್ರಿಪದಿ ಕನ್ನಡದಲ್ಲಿ ನಮಗೆ ಸಿಕ್ಕಿರುವ ಬಹು ಹಳೆಯ ಪದ್ಯಗಳಲ್ಲೊಂದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸವಿಗೆ ಸವಿ, ಕಾಡುವ ಕಲಿಗೆ ಕಲಿಯುಗವನ್ನೇ ಮೀರಿದವನು; ಇವನು ಮಾಧವ, ಬೇರೆಯವನಲ್ಲ. ಮೂರು ಸಾಲಿನಲ್ಲಿ ಎಲ್ಲಿಯಾದರೂ 'ಆಗಿದ್ದಾನೆ' ಇದೆಯೇ ನೋಡಿ. ಹೆಸರಿಗೆ ಹೆಸರು ತಾಗಿ ನಿಂತಿದೆ, ಕೊನೆಯಲ್ಲಿ 'ಅಲ್ಲ' ಎಂಬ ಒಂದೇ ಪದ ಬಾಗಿಲು ಹಾಕುತ್ತದೆ. ಮೂರೂ ಸಾಲಿನ ಎರಡನೆಯ ಅಕ್ಷರ ಧಕಾರ: ಸಾಧು, ಬಾಧಿ, ಮಾಧ. ಮೊದಲ ಸಾಲು 'ಮಾಧುರ್ಯ'ದಲ್ಲಿ ಅದನ್ನು ಮತ್ತೊಮ್ಮೆ ಮುಟ್ಟುತ್ತದೆ. ಸಾಲಿನ ಕೊನೆಗೆ ಮಾತ್ರ ಪ್ರಾಸ ಹುಡುಕುವ ನಮಗೆ ಆರಂಭದಲ್ಲಿ ಅಡಗಿರುವ ಇದು ಕಾಣುವುದು ತಡ. ಶನಿವಾರ ಹೋಗಿ, ಬಂಡೆಯ ಮುಂದೆ ನಿಂತು, ಗಟ್ಟಿಯಾಗಿ ಹತ್ತು ಸಲ ಹೇಳಿ ಬನ್ನಿ. ನಾನು ಪ್ರತಿಯೊಂದು ತಂಡವನ್ನೂ ಒಮ್ಮೆ ಕರೆದುಕೊಂಡು ಹೋಗುತ್ತೇನೆ.

ಎರಡನೆಯದು, 'ಲ್ಪಡು'. 'ಕಟ್ಟಲ್ಪಟ್ಟಿತು', 'ಮುಳುಗಿಸಲ್ಪಟ್ಟಿತು', 'ಗೌರವಿಸಲ್ಪಟ್ಟರು'. ಯಾರು ಕಟ್ಟಿದರು, ಏನು ಮುಳುಗಿತು ಎಂದು ನೇರ ಹೇಳಿ. ಯಾರು ಎಂಬುದು ಬೇಡವಾದರೆ 'ಕಟ್ಟಿದರು' ಎಂದರೆ ಸಾಕು, ಕರ್ತೃವಿಲ್ಲದೆಯೇ ಆ ಪದ ನಡೆಯುತ್ತದೆ.

ಮೂರನೆಯದು ಕಚೇರಿಯ ಟಿಪ್ಪಣಿಯಿಂದಲೂ ವರದಿಗಳಿಂದಲೂ ಬಂದದ್ದು: 'ಲಾಗಿದ್ದು', 'ಇದ್ದು', 'ಆಗಿದ್ದು'. "ರಸ್ತೆ ಕಾಮಗಾರಿಯನ್ನು ಕೈಗೊಳ್ಳಲಾಗಿದ್ದು, ಸಾರ್ವಜನಿಕರಿಗೆ ತೊಂದರೆ ಉಂಟಾಗುತ್ತಿದ್ದು, ಶೀಘ್ರ ಪೂರ್ಣಗೊಳಿಸುವಂತೆ ಒತ್ತಾಯಿಸಲಾಗಿದೆ." ಇದು ಕೊಂಡಿಯ ವೇಷ ತೊಟ್ಟ ಗಂಟು. ಮೂರು ಸಂಗತಿಗಳ ನಡುವೆ ಸಂಬಂಧವೇನು ಎಂದು 'ಇದ್ದು' ಹೇಳುವುದಿಲ್ಲ, ಸುಮ್ಮನೆ ಅಂಟಿಸುತ್ತದೆ. ಕತ್ತರಿಸಿ, ಮೂರು ವಾಕ್ಯ ಮಾಡಿ: "ರಸ್ತೆ ಅಗೆದಿದ್ದಾರೆ. ಶಾಲೆಯ ಮಕ್ಕಳು ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಮಳೆಗಾಲಕ್ಕೆ ಮುಂಚೆ ಮುಗಿಸಿ ಎಂದು ಊರವರು ಕೇಳುತ್ತಿದ್ದಾರೆ."

ಕೊಂಡಿ ಹಾಕುವುದು

ಇದಕ್ಕೆ ಕಡಿಮೆಯೆಂದರೂ ಒಂದು ತಿಂಗಳು ಕೊಡಿ. ಉಳಿದದ್ದೆಲ್ಲ ಬೇಗ ಬರುತ್ತದೆ, ಇದು ನಿಧಾನ.

ಐದು ತುಂಡು ವಾಕ್ಯಗಳಿಂದ ಶುರು ಮಾಡಿ. "ಅವ್ವ ಎದ್ದಳು. ಒಲೆ ಹೊತ್ತಿಸಿದಳು. ಹಿಟ್ಟು ನಾದಿದಳು. ರೊಟ್ಟಿ ಬಡಿದಳು. ಅಪ್ಪ ಹೊಲಕ್ಕೆ ಹೊರಟ." ಇವುಗಳನ್ನು ಬೇರೆ ಬೇರೆ ಬಗೆಯಲ್ಲಿ ಕೂಡಿಸಿ.

"ಅವ್ವ ಬಡಿದ ರೊಟ್ಟಿ ಕಟ್ಟಿಕೊಂಡು ಅಪ್ಪ ಹೊಲಕ್ಕೆ ಹೊರಟ." ಇಲ್ಲಿ ಸಂಸಾರ ನೆಟ್ಟಗಿದೆ.

"ಅವ್ವ ಎದ್ದು, ಒಲೆ ಹೊತ್ತಿಸಿ, ಹಿಟ್ಟು ನಾದಿ, ರೊಟ್ಟಿ ಬಡಿಯುವಷ್ಟರಲ್ಲಿ ಅಪ್ಪ ಹೊಲಕ್ಕೆ ಹೊರಟಿದ್ದ." ಈಗ ಅಪ್ಪನಿಗೆ ಅವಸರ. ಅವ್ವನ ಕೈ ಎಷ್ಟು ಬೇಗ ಆಡಿದರೂ ಸಾಲಲಿಲ್ಲ.

"ಅವ್ವ ರೊಟ್ಟಿ ಬಡಿಯುತ್ತಿದ್ದರೂ ಅಪ್ಪ ಹೊಲಕ್ಕೆ ಹೊರಟ." ರಾತ್ರಿ ಏನೋ ಮಾತು ನಡೆದಿದೆ. ಜಗಳದ ಬಗ್ಗೆ ಒಂದು ಪದವೂ ಇಲ್ಲ, 'ದ್ದರೂ' ಎಂಬ ಕೊಂಡಿಯೇ ಅದನ್ನು ಹೇಳಿತು.

"ಅಪ್ಪ ಹೊಲಕ್ಕೆ ಹೊರಟ ಮೇಲೂ ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು." ಇದನ್ನು ಒಬ್ಬ ವಿದ್ಯಾರ್ಥಿನಿ ಬರೆದಳು. ಆ ದಿನ ಪಡಸಾಲೆ ಸ್ವಲ್ಪ ಹೊತ್ತು ಸುಮ್ಮನಾಗಿತ್ತು.

ಸಂಗತಿ ಅದೇ, ಜನ ಅವರೇ. ಕೊಂಡಿ ಬದಲಾದ ಕೂಡಲೇ ಮನೆಯೊಳಗಿನ ಗಾಳಿ ಬದಲಾಯಿತು. ನಿಮ್ಮ ಬೆಳಗಿನ ಐದು ತುಂಡುಗಳನ್ನು ಹೀಗೆ ನಾಲ್ಕು ಬಗೆಯಲ್ಲಿ ಕೂಡಿಸುವುದನ್ನು ದಿನವೂ ಮಾಡಿ. 'ಆದ್ದರಿಂದ', 'ಹಾಗೂ', 'ಮತ್ತು', 'ಆದರೆ' ಎಂಬ ಬಿಡಿ ಪದಗಳನ್ನು ಈ ಅಭ್ಯಾಸದಲ್ಲಿ ಮುಟ್ಟಬೇಡಿ. ಕ್ರಿಯಾಪದದ ಬಾಲದಲ್ಲೇ ಕೂಡಿಸಿ: ಬಡಿದು, ಬಡಿದ, ಬಡಿಯುವ, ಬಡಿಯುತ್ತ, ಬಡಿದರೆ, ಬಡಿದರೂ, ಬಡಿಯದೆ, ಬಡಿಯಲೆಂದು, ಬಡಿದಷ್ಟೂ. ಇಷ್ಟು ಬಗೆಯ ಕೊಂಡಿಗಳು ಇರುವ ಭಾಷೆಯಲ್ಲಿ ಹುಟ್ಟಿ, 'ಮತ್ತು' ಒಂದನ್ನೇ ಹಿಡಿದು ಕೂರುವುದು ನನಗೆ ಸಂಕಟ ತರುತ್ತದೆ.

ತಪ್ಪುವ ಜಾಗಗಳು ಕೆಲವಿವೆ. 'ಹೋಗಿ', 'ಬಂದು' ಎಂಬ ಕೊಂಡಿ ಹಾಕಿದಾಗ ಎರಡೂ ಕೆಲಸ ಮಾಡಿದವರು ಸಾಮಾನ್ಯವಾಗಿ ಒಬ್ಬರೇ ಆಗಿರಬೇಕು. "ಅಪ್ಪ ಪೇಟೆಗೆ ಹೋಗಿ ನಾನು ಅಂಗಡಿ ತೆರೆದೆ" ಎಂದರೆ ಎಳೆ ತಪ್ಪಿತು. "ಅಪ್ಪ ಪೇಟೆಗೆ ಹೋದ ಮೇಲೆ ನಾನು ಅಂಗಡಿ ತೆರೆದೆ" ಎನ್ನಬೇಕು. ಆದರೆ "ಮಳೆ ಬಂದು ಹಳ್ಳ ತುಂಬಿತು" ಎನ್ನುತ್ತೇವೆ, ಅದು ಸರಿ: ಒಂದರಿಂದ ಇನ್ನೊಂದು ತಾನಾಗಿ ಹರಿದು ಬಂದರೆ ಭಾಷೆ ಒಪ್ಪುತ್ತದೆ.

ಇನ್ನೊಂದು ತಪ್ಪು, ಪೋಣಿಸುತ್ತ ಹೋಗುವುದು. "ನಿನ್ನೆ ಜಮಖಂಡಿಯಿಂದ ಬಂದ ಮಾವ ತಂದ ಚೀಲದಲ್ಲಿದ್ದ ಕಬ್ಬು ತಿಂದ ಹುಡುಗ" ಎನ್ನುವಷ್ಟರಲ್ಲಿ ಓದುವವರ ಕೈಯಿಂದ ಚೀಲವೂ ಮಾವನೂ ಜಾರಿರುತ್ತಾರೆ. ಒಂದು ಹೆಸರಿನ ಹಿಂದೆ ಇಂಥ ಕೊಂಡಿ ಎರಡಿದ್ದರೆ ಸಲೀಸು. ಮೂರನೆಯದು ತೀರ ಚಿಕ್ಕದಾಗಿದ್ದರೆ ಮಾತ್ರ ನಿಲ್ಲುತ್ತದೆ.

'ಯಾವ... ಆ' ಎಂಬ ಕಟ್ಟಡದ ಬಗ್ಗೆ ಒಂದು ಮಾತು. "ಯಾವ ಬಾವಿಯಿಂದ ನಾವು ನೀರು ಸೇದುತ್ತಿದ್ದೆವೋ ಆ ಬಾವಿ ಬತ್ತಿದೆ" ಎಂದು ದಿನದ ಮಾತಿಗೆ ಬರೆದರೆ ಭಾರ. "ನಾವು ನೀರು ಸೇದುತ್ತಿದ್ದ ಬಾವಿ ಬತ್ತಿದೆ" ಎಂದರೆ ಸಾಕು. ಆದರೆ ಆಣೆ ಇಡುವಾಗ, ಶಪಿಸುವಾಗ, ಹರಸುವಾಗ ಆ ಭಾರವೇ ಬೇಕಾಗುತ್ತದೆ. ಹಾಗಾಗಿ ಅದನ್ನು ಬಿಸಾಡಬೇಡಿ, ಪೆಟ್ಟಿಗೆಯಲ್ಲಿಡಿ.

ಸೆರಗು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದಕ್ಕೆ ಒತ್ತಿ ಕೂತ ಪದವೇ ವಾಕ್ಯದ ಹೆಚ್ಚಿನ ಬಲವನ್ನು ಹೊರುತ್ತದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. "ಅಪ್ಪ ಅವ್ವನಿಗೆ ಒಂದು ಸೀರೆ ನೇಯ್ದ." ಇದು ಸುದ್ದಿ. "ಆ ಸೀರೆಯನ್ನು ಅಪ್ಪ ಅವ್ವನಿಗೆ ನೇಯ್ದ." ಮಾರಲೆಂದು ನೇಯ್ದದ್ದಲ್ಲ ಎಂಬುದು ಬಂತು. "ಆ ಸೀರೆಯನ್ನು ಅವ್ವನಿಗೆ ಅಪ್ಪ ನೇಯ್ದ." ಅಂಗಡಿಯದ್ದಲ್ಲ, ಇನ್ನೊಬ್ಬರದ್ದಲ್ಲ. ಪದಗಳನ್ನು ಜರುಗಿಸಲು ನಮ್ಮ ವಿಭಕ್ತಿಗಳು ಇಷ್ಟು ಸ್ವಾತಂತ್ರ್ಯ ಕೊಟ್ಟಿವೆ. ಆದ್ದರಿಂದ ವಾಕ್ಯ ಬರೆದಾದ ಮೇಲೆ ಕೇಳಿಕೊಳ್ಳಿ: ಇದರಲ್ಲಿ ಓದುವವರ ಕೈಯಲ್ಲಿ ಉಳಿಯಬೇಕಾದ ಪದ ಯಾವುದು? ಅದನ್ನು ಕ್ರಿಯಾಪದದ ಪಕ್ಕಕ್ಕೆ ತನ್ನಿ.

ಅಪರೂಪಕ್ಕೆ ಕ್ರಿಯಾಪದವನ್ನೇ ಮುಂದಿಡಬಹುದು. "ಬಂತು ಮಳೆ" ಎಂದಾಗ ಕಾದಿದ್ದವರ ಉಸಿರು ಕೇಳುತ್ತದೆ. ಪುಟಕ್ಕೆ ಒಂದಕ್ಕಿಂತ ಹೆಚ್ಚಾದರೆ ನಾಟಕವಾಗುತ್ತದೆ.

ಈಗ ನಿಮ್ಮದೇ ಒಂದು ಪುಟ ತೆಗೆದುಕೊಂಡು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಸುತ್ತು ಹಾಕಿ, ಆ ಪದಗಳನ್ನಷ್ಟೇ ಓದಿ. ಇತ್ತು, ಇತ್ತು, ಇತ್ತು, ಆಯಿತು, ಇತ್ತು. ಹಾಗೆ ಕೇಳಿಸಿದರೆ ಸೆರಗೇ ಇಲ್ಲದ ಸೀರೆ ನೇಯ್ದಿದ್ದೀರಿ. "ಊರ ಮುಂದೆ ಹಳ್ಳವಿತ್ತು. ದಂಡೆಯಲ್ಲಿ ಬೇವಿನ ಮರವಿತ್ತು. ಕೆಳಗೆ ಕಟ್ಟೆ ಇತ್ತು" ಎಂಬುದನ್ನು "ಊರ ಮುಂದೆ ಹಳ್ಳ. ದಂಡೆಯ ಬೇವು ಕಟ್ಟೆಯ ಮೇಲೆ ಹಗಲೆಲ್ಲ ನೆರಳು ಚೆಲ್ಲುತ್ತಿತ್ತು" ಎಂದು ಮಾಡಬಹುದು. ಎಲ್ಲವನ್ನೂ ಬದಲಿಸಬೇಡಿ. ಮೂರರಲ್ಲಿ ಒಂದಕ್ಕೆ ಜೀವ ಬಂದರೆ ಉಳಿದೆರಡು ಅದಕ್ಕೆ ಜಾಗ ಬಿಡುತ್ತವೆ.

ಪದದ ತುದಿಯಲ್ಲಿ ಕೂರುವ ಒಂದಕ್ಷರಗಳನ್ನೂ ಇಲ್ಲಿಯೇ ನೋಡಿಕೊಳ್ಳಿ. ಅವನೇ ಬಂದ, ಅವನೂ ಬಂದ, ಅವನೋ ಬಂದ. ಕೆಲವು ಭಾಷೆಗಳಲ್ಲಿ ಇದಕ್ಕೆ ಅರ್ಧ ಸಾಲು ಬೇಕು. ನಮಗೆ ಒಂದು ಸ್ವರ ಸಾಕು. ಹಾಗೆಂದು ಪ್ರತಿ ಪದಕ್ಕೂ 'ಏ' ಹಚ್ಚಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಪದದ ತೂಕ, ಪದದ ಊರು

ನಮ್ಮ ಕಡೆಯ ಹುಡುಗರಲ್ಲಿ ಒಂದು ಅಳುಕು ಇದೆ. ನಮ್ಮ ಕನ್ನಡ ಒರಟು, ಚೆಂದದ ಕನ್ನಡ ಇನ್ನೆಲ್ಲೋ ಇದೆ ಎಂದುಕೊಂಡು, ಬರೆಯಲು ಕೂತಾಗ ಮನೆಯ ಪದಗಳನ್ನೆಲ್ಲ ಹೊರಗೆ ನಿಲ್ಲಿಸುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ತೋರಿಸುತ್ತದೆ. ಕಿಸುವೊಳಲು ಎಂದರೆ ನಮ್ಮ ಪಟ್ಟದಕಲ್ಲು, ಒಂಕುಂದ ಎಂದರೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ಇದನ್ನು ಹೆಮ್ಮೆ ಕೊಚ್ಚಲು ಹೇಳುತ್ತಿಲ್ಲ. ವಾಕ್ಯದ ರೂಪ ಗ್ರಾಂಥಿಕವಾಗಿರಲಿ, ಅದರೊಳಗಿನ ಪದ ನಿಮ್ಮ ಅಡುಗೆಮನೆಯಿಂದಲೂ ಬರಲಿ ಎನ್ನುತ್ತಿದ್ದೇನೆ.

'ಹಣ', 'ದುಡ್ಡು', 'ರೊಕ್ಕ' ಮೂರೂ ಒಂದೇ ಎಂದು ನಿಘಂಟು ಹೇಳುತ್ತದೆ. ಬ್ಯಾಂಕಿನಲ್ಲಿರುವುದು ಹಣ, ಸೆರಗಿನ ಗಂಟಿನಲ್ಲಿರುವುದು ರೊಕ್ಕ. 'ಆಸ್ಪತ್ರೆ' ಕಟ್ಟಡ, 'ದವಾಖಾನೆ' ಭಯ. ಆದಿಲಶಾಹಿಗಳ ಕಾಲದಿಂದ ಪಾರಸಿಯೂ, ನೆರೆಯ ಮರಾಠಿಯೂ ನಮ್ಮ ಮಾತಿಗೆ ತಂದುಕೊಟ್ಟ ಪದಗಳು ಕಡಿಮೆಯಲ್ಲ. ಅವುಗಳನ್ನು ಅಚ್ಚಗನ್ನಡದ ಪಕ್ಕದಲ್ಲಿ, ಸಂಸ್ಕೃತದ ಪಕ್ಕದಲ್ಲಿ ಇಟ್ಟು ತೂಗುವುದು ಬರಹಗಾರನ ಕೆಲಸ. 'ಹೊಲ' ಎಂದು ಬರೆಯುವ ಮುಂಚೆ ಅದು ಕರಿಮಣ್ಣಿನ ಎರೆ ಹೊಲವೋ ಕೆಂಪುಮಣ್ಣಿನ ಮಸಾರಿಯೋ ಕೇಳಿಕೊಳ್ಳಿ. 'ರೊಟ್ಟಿ' ಎಂದರೆ ಬಿಸಿಯೋ ಖಡಕ್ಕೋ? ಎಳೆಯ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು ತಿಂದದ್ದಾದರೆ 'ಸೀತನಿ' ಎಂದು ಬರೆಯಿರಿ, ಗೊತ್ತಿಲ್ಲದವರು ವಾಕ್ಯದಿಂದಲೇ ತಿಳಿದುಕೊಳ್ಳುತ್ತಾರೆ.

ಸವೆದ ಪದಗಳನ್ನು ನಾವು ಗೋಡೆಯ ಮೇಲೆ ಬರೆದು ಹಾಕಿದ್ದೇವೆ: ಕಣ್ಮನ ಸೆಳೆಯುವ, ವಿಶ್ವವಿಖ್ಯಾತ, ರಮಣೀಯ, ಮನಮೋಹಕ, ಹಚ್ಚ ಹಸಿರಿನ. "ವಿಶ್ವವಿಖ್ಯಾತ ಗೋಳಗುಮ್ಮಟವು ಪ್ರವಾಸಿಗರ ಕಣ್ಮನ ಸೆಳೆಯುತ್ತದೆ" ಎಂದು ಬರೆದವನು ವಿಜಯಪುರಕ್ಕೆ ಹೋಗಬೇಕಾಗಿಯೇ ಇರಲಿಲ್ಲ. ಹೊರ ವ್ಯಾಸ ಸುಮಾರು 44 ಮೀಟರ್ ಇರುವ ಗುಮ್ಮಟದ ಒಳಸುತ್ತಿನಲ್ಲಿ ನಿಂತವನು ಹೀಗೆ ಬರೆಯುತ್ತಾನೆ: "ಆಚೆ ಬದಿಯಲ್ಲಿ ಯಾರೋ ಬಳೆ ಸರಿಸಿಕೊಂಡರು. ಈಚೆ ಗೋಡೆಗೆ ಕಿವಿಯಿಟ್ಟಿದ್ದ ಹುಡುಗ ಬೆನ್ನ ಹಿಂದೆ ತಿರುಗಿ ನೋಡಿದ."

ಉಸಿರು

ಗಟ್ಟಿಯಾಗಿ ಓದದೆ ಯಾವ ವಾಕ್ಯವನ್ನೂ ಮುಗಿಸಬೇಡಿ. ಉಸಿರು ಸಿಕ್ಕಿಕೊಂಡ ಜಾಗಕ್ಕೆ ಗೆರೆ ಎಳೆಯಿರಿ, ಅಲ್ಲಿ ಕೊಂಡಿ ಸಡಿಲವಿದೆ ಅಥವಾ ಒಂದು ಪದ ಹೆಚ್ಚಾಗಿದೆ. ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಗಳನ್ನು ಹಿರಿಯರಿಂದ ಹಾಡಿಸಿ ಕೇಳಿ. ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೆ ಹಾಡಿ, ಆಮೇಲೆ ಮೂರನೆಯದಕ್ಕೆ ಇಳಿಯುತ್ತಾರೆ. ಕಲ್ಲು ಒಂದು ಸುತ್ತು ಸುಮ್ಮನೆ ತಿರುಗುವ ಆ ಹೊತ್ತಿನಲ್ಲಿ ಕೇಳುವವರು ಮುಂದಿನ ಸಾಲಿಗೆ ಹಸಿಯುತ್ತಾರೆ. ಗದ್ಯದಲ್ಲೂ ಉದ್ದನೆಯ ವಾಕ್ಯವೊಂದರ ಬಳಿಕ ಮೂರು ಪದದ ವಾಕ್ಯ ಇಟ್ಟು ನೋಡಿ. ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಕಿವಿಗೆ ನಾನು ಅಡ್ಡ ಬಂದಂತೆ.

ತಿದ್ದುವ ದಿನ

ಬರೆದ ದಿನವೇ ತಿದ್ದಬೇಡಿ. ಒಂದು ರಾತ್ರಿ ಕಳೆಯಲಿ. ಮರುದಿನ ಮೊದಲು ಚಟಗಳನ್ನು ಕೀಳಿ, ಆಮೇಲೆ ಕೊಂಡಿ, ಆಮೇಲೆ ಸೆರಗು, ಕೊನೆಗೆ ಪದ. ಈ ಕ್ರಮ ತಲೆಕೆಳಗಾದರೆ, ನಾಳೆ ಕಿತ್ತು ಹಾಕಬೇಕಾದ ವಾಕ್ಯಕ್ಕೆ ಇಂದು ಚೆಂದದ ಪದ ಹುಡುಕುತ್ತ ಕೂರುತ್ತೀರಿ. ಎಲ್ಲ ಮುಗಿದ ಮೇಲೆ, ಆ ಸಂಗತಿಯನ್ನು ಬದುಕಿದವರ ಮುಂದೆ ಓದಿ. ಸಾಹಿತ್ಯ ಬಲ್ಲವರಿಗಿಂತ ಅವರು ಬೇಗ ತಪ್ಪು ಹಿಡಿಯುತ್ತಾರೆ.

ಮೊದಲು ಹೇಳಿದ ಹುಡುಗಿ ಮೂರನೆಯ ತಿಂಗಳಲ್ಲಿ ತನ್ನ ವಾಕ್ಯವನ್ನು ಇಲ್ಲಿಗೆ ತಂದಿದ್ದಳು: "ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಹಳೆಯ ಮನೆಯ ಹೊಸ್ತಿಲನ್ನು ಹುಡುಕುತ್ತಾಳೆ." ನಮಗೆಲ್ಲ ಹಿಡಿಸಿತು. ಹೊಸ್ತಿಲು ಎಂಬ ಪದಕ್ಕೆ ನಾನೂ ತಲೆದೂಗಿದ್ದೆ. ಅಜ್ಜಿಗೆ ಓದಿ ತೋರಿಸು ಎಂದು ಕಳಿಸಿದೆವು. ಮುಂದಿನ ಭಾನುವಾರ ಅವಳು ಬಂದು ಅಜ್ಜಿಯ ಮಾತನ್ನು ಹೇಳಿದಳು: "ಹೊಸ್ತಿಲು ಅಲ್ಲಿ ಎಲ್ಲಿದೆಯೇ ಹುಚ್ಚಿ! ಊರು ಬಿಡುವಾಗ ಬಾಗಿಲು, ಚೌಕಟ್ಟು, ಹೊಸ್ತಿಲು ಎಲ್ಲ ಕಿತ್ತುಕೊಂಡು ಬಂದೆವು. ನೀನು ದಿನಾ ದಾಟುತ್ತೀಯಲ್ಲ, ಅದೇ. ನಾನು ಹುಡುಕುವುದು ಒಗೆಯುವ ಕಲ್ಲು. ಭಾರ ಇತ್ತು, ತರಲಾಗಲಿಲ್ಲ."

ಆ ವಾರ ಅವಳು ವಾಕ್ಯವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಳು: "ಹೊಸ್ತಿಲು ನಮ್ಮ ಜೊತೆ ಬಂತು, ತರಲಾಗದ ಒಗೆಯುವ ಕಲ್ಲನ್ನು, ಪ್ರತಿ ಬೇಸಿಗೆ ನೀರು ಇಳಿದಾಗ, ಅಜ್ಜಿ ಕೆಸರಿನೊಳಗೆ ಕಾಲಿನಿಂದ ಹುಡುಕುತ್ತಾಳೆ." 'ಕಾಲಿನಿಂದ' ಎಂಬುದನ್ನು ಕ್ರಿಯಾಪದಕ್ಕೆ ಒತ್ತಿ ಇಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.